ಒಂದು ಛತ್ರಿ, ಎರಡು ಟಿವಿ: ಸಿಗ್ನಲ್ ಹಂಚಿದರೆ ಚಿತ್ರ ಕೆಡುತ್ತಾ?

ರಾತ್ರಿ ಒಂಬತ್ತೂವರೆ. ಅವ್ವ ತನ್ನ ಧಾರಾವಾಹಿ ಮುಗಿಸಿ ಗೋಡೆಯ ಸ್ವಿಚ್ ಬಂದ್ ಮಾಡಿದಳು. ಮರುಕ್ಷಣವೇ ಮಾಳಿಗೆ ಮೇಲಿನ ಕೋಣೆಯಿಂದ ತಮ್ಮನ ಕೂಗು.

"ಯವ್ವಾ, ಏನ್ ಮಾಡ್ದಿ? ಇಲ್ಲಿ ಟಿವಿ ಹೋಯ್ತು ನೋಡು!"

"ನಾ ಏನೂ ಮಾಡಿಲ್ಲಪ್ಪ. ನಂದು ನಾ ಬಂದ್ ಮಾಡೀನಿ."

ಅವ್ವನ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು. ಅವತ್ತು ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ಹೋಗಿ, ಕೈಗೆ ಸಿಕ್ಕ ಅಗ್ಗದ ಸ್ಪ್ಲಿಟರ್ ಒಂದನ್ನು ತಂದು, ಫ್ರೀ ಡಿಶ್ (ದೂರದರ್ಶನದ ಉಚಿತ ಉಪಗ್ರಹ ಟಿವಿ) ಛತ್ರಿಯಿಂದ ಇಳಿದ ಒಂದೇ ಕೇಬಲ್ಲನ್ನು ಎರಡು ಮಾಡಿದ್ದೆ. ಕೆಳಗೆ ಅವ್ವನ ಟಿವಿ, ಮೇಲೆ ತಮ್ಮನ ಟಿವಿ, ಒಂದೊಂದಕ್ಕೂ ಅದರದೇ ಸೆಟ್‌ಟಾಪ್ ಬಾಕ್ಸ್. ಸಂಜೆವರೆಗೆ ನನಗೂ ಹೆಮ್ಮೆ. ಆಮೇಲೆ ಶುರುವಾಯಿತು. ಕೆಲವು ಚಾನೆಲ್ ಚೆನ್ನಾಗಿ ಬರುತ್ತಿದ್ದವು, ಕೆಲವು ಚೌಕ ಚೌಕವಾಗಿ ಒಡೆಯುತ್ತಿದ್ದವು. ಅವ್ವ ಟಿವಿ ಬಂದ್ ಮಾಡಿದರೆ ಮೇಲಿನದೂ ಬಂದ್!

ಅದನ್ನು ಸರಿ ಮಾಡುವಾಗ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿರಲಿ, ಬೀದರ್ ಅಥವಾ ಯಾದಗಿರಿಯಲ್ಲಿರಲಿ, ಮನೆಯಲ್ಲಿ ಒಂದೇ ಡಿಶ್ ಇದ್ದು ಎರಡು ಟಿವಿ ನಡೆಸಬೇಕು ಅನ್ನುವವರಿಗೆ ಇದು. ನಾನು ಈ ಕಸುಬಿನವನಲ್ಲ, ಆದರೆ ಪಾನಾ ಹಿಡಿದು ಮಾಳಿಗೆ ಹತ್ತಿ ಸಾಕಷ್ಟು ಬಿಸಿಲು ಕಂಡಿದ್ದೇನೆ.

ಹಳೆಯ ಟಿವಿ ನೆನಪು ನಮಗೆ ದಾರಿ ತಪ್ಪಿಸುತ್ತದೆ

"ಸಿಗ್ನಲ್ ಹಂಚಿದರೆ ಚಿತ್ರ ಮಸುಕಾಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಇದು ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಕಾಲದ ಮಾತು, ಆಗ ನಿಜವೂ ಆಗಿತ್ತು. ಆಂಟೆನಾದಿಂದ ಇಳಿದ ಚಪ್ಪಟೆ ವೈರಿಗೆ ಇನ್ನೊಂದು ವೈರು ಹೊಸೆದು ಪಕ್ಕದ ಕೋಣೆಗೆ ಎಳೆಯುತ್ತಿದ್ದರು. ಎರಡೂ ಟಿವಿಯಲ್ಲಿ ಚುಕ್ಕಿ ಜಾಸ್ತಿಯಾಗುತ್ತಿತ್ತು. ಜೊತೆಗೆ ಮನುಷ್ಯರ ಬೆನ್ನಿಗೆ ಒಂದು ನೆರಳು. ಚುಕ್ಕಿ ಬರುತ್ತಿದ್ದದ್ದು ಸಿಗ್ನಲ್ ಕಡಿಮೆಯಾಗಿ. ನೆರಳಿನ ಕಾರಣ ಬೇರೆ: ಹೊಸೆದ ಜಾಗದಲ್ಲಿ ಸಿಗ್ನಲ್‌ನ ಒಂದು ಪಾಲು ಡಿಕ್ಕಿ ಹೊಡೆದು ವಾಪಸ್ ಹೋಗಿ, ತಡವಾಗಿ ಮತ್ತೆ ಬರುತ್ತಿತ್ತು.

ಅಂದ ಹಾಗೆ, ಡಿಶ್ ನಮ್ಮ ಕಡೆಯ ಹಳ್ಳಿಗಳಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗಕ್ಕೆ ಕರ್ನಾಟಕದಿಂದ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನೇ. ದೇಶದಲ್ಲಿ ಒಟ್ಟು 2,400 ಹಳ್ಳಿ. ಊರಿಗೊಂದು ಟಿವಿ, ಅದಕ್ಕೆ ಸುಮಾರು ಹತ್ತು ಅಡಿ ಅಗಲದ, ಕೋಳಿ ಗೂಡಿಗೆ ಹಾಕುವಂಥ ಜಾಲರಿಯ ಛತ್ರಿ. ಆಗಿನ ತರಂಗ 860 ಮೆಗಾಹರ್ಟ್ಸ್ ಆಸುಪಾಸಿನದು, ಅದಕ್ಕೇ ಅಷ್ಟು ದೊಡ್ಡ ಛತ್ರಿ. ಈಗಿನದು 11,000 ಮೆಗಾಹರ್ಟ್ಸ್ ದಾಟಿದೆ. ಎರಡು ಅಡಿ ತಟ್ಟೆ ಸಾಕು.

ಈಗ ಬರುವುದು ಡಿಜಿಟಲ್. ದೂರದರ್ಶನ 2022ರ ಹೊತ್ತಿಗೆ ತನ್ನ ಬಹುತೇಕ ಹಳೆಯ ಅನಲಾಗ್ ಟವರ್‌ಗಳನ್ನು ನಿಲ್ಲಿಸಿಬಿಟ್ಟಿತು. ಡಿಜಿಟಲ್ ಚಿತ್ರ ನಿಧಾನವಾಗಿ ಮಸುಕಾಗುವುದಿಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿರುವವರೆಗೆ ಚಿತ್ರ ಕನ್ನಡಿ ಹಾಗೆ ಇರುತ್ತದೆ. ಆ ಮಟ್ಟದ ಅಂಚಿಗೆ ಬಂದಾಗ ಚೌಕಗಳು ಒಡೆಯುತ್ತವೆ, ಮಾತು ಕತ್ತರಿಸುತ್ತದೆ. ಇನ್ನೊಂದು ಚೂರು ಇಳಿದರೆ ಪರದೆ ಕಪ್ಪು. ಬಾವಿಯ ಕಟ್ಟೆ ಇದ್ದ ಹಾಗೆ. ಕಟ್ಟೆ ಮೇಲೆ ನಡೆಯುವವರೆಗೆ ಏನೂ ಆಗುವುದಿಲ್ಲ, ಒಂದು ಹೆಜ್ಜೆ ತಪ್ಪಿದರೆ ಪೂರ್ತಿ ಒಳಗೆ.

ಹಾಗಾಗಿ "ಹಂಚಿದ ಮೇಲೆ ಬಣ್ಣ ಸ್ವಲ್ಪ ಡಲ್ ಆಯ್ತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಟಿವಿ ಸೆಟ್ಟಿಂಗೋ ಎವಿ ವೈರೋ ಇರಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ನಾವು ಕಟ್ಟೆಯ ಅಂಚಿನಿಂದ ಎಷ್ಟು ದೂರ ಇದ್ದೇವೆ?

ಡಿಬಿ ಲೆಕ್ಕ, ಸ್ವಲ್ಪವೇ

ಸಿಗ್ನಲ್‌ನ ಖರ್ಚನ್ನು ಡಿಬಿಯಲ್ಲಿ, ಅಂದರೆ ಡೆಸಿಬೆಲ್‌ನಲ್ಲಿ, ಲೆಕ್ಕ ಹಾಕುತ್ತಾರೆ. 3 ಡಿಬಿ ಹೋದರೆ ಅರ್ಧ ಹೋಯಿತು. 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಇದರ ಅನುಕೂಲ ಏನೆಂದರೆ ಎಲ್ಲ ಖರ್ಚನ್ನೂ ಸುಮ್ನೆ ಕೂಡಿಸಬಹುದು.

ಎರಡು ಕವಲಿನ ಸ್ಪ್ಲಿಟರ್ ಎಷ್ಟೇ ಒಳ್ಳೆಯದಾದರೂ 3 ಡಿಬಿ ತಿನ್ನಲೇಬೇಕು, ಒಂದು ರೊಟ್ಟಿ ಇಬ್ಬರಿಗೆ ಹಂಚಿದರೆ ತಲಾ ಅರ್ಧ ತಾನೇ. ಡಿಶ್ ಕೇಬಲ್‌ನ ತರಂಗಗಳಲ್ಲಿ ಅದು ನಿಜವಾಗಿ ತಿನ್ನುವುದು 4ರಿಂದ 6 ಡಿಬಿ. ನಾಲ್ಕು ಕವಲಿನದಾದರೆ 8 ಡಿಬಿ ಅಥವಾ ಅದಕ್ಕೂ ಜಾಸ್ತಿ. ಒಳ್ಳೆಯ ಆರ್‌ಜಿ-6 ಕೇಬಲ್ 20 ಮೀಟರಿಗೆ ಸುಮಾರು 5-6 ಡಿಬಿ ತಿನ್ನುತ್ತದೆ. ಕನೆಕ್ಟರುಗಳಿಗೆ ಒಟ್ಟು 1 ಡಿಬಿ ಇಟ್ಟುಕೊಳ್ಳಿ.

ಕೂಡಿಸಿದರೆ ನಮ್ಮ ಮನೆಯ ಖರ್ಚು 12 ಡಿಬಿ ಆಸುಪಾಸು. ಆದಾಯದ ಕಡೆ ನೋಡಿ. ಡಿಶ್‌ನ ಮುಂದೆ ಕಡ್ಡಿಯ ತುದಿಯಲ್ಲಿ ಕೂತಿರುವ ಎಲ್‌ಎನ್‌ಬಿ ಬರೀ ಸಿಗ್ನಲ್ ಹಿಡಿಯುವ ಡಬ್ಬಿಯಲ್ಲ. ಅದು ಅಲ್ಲೇ ಸಿಗ್ನಲ್ಲನ್ನು 50-60 ಡಿಬಿ ಹಿಗ್ಗಿಸಿ ಕೆಳಗೆ ಕಳಿಸುತ್ತದೆ. ಸೆಟ್‌ಟಾಪ್ ಬಾಕ್ಸ್ ಸಾಮಾನ್ಯವಾಗಿ ಮೈನಸ್ 25ರಿಂದ ಮೈನಸ್ 65 ಡಿಬಿಎಂ (ಸಿಗ್ನಲ್‌ನ ಬಲ ಅಳೆಯುವ ಮಾನ) ವರೆಗಿನ ಸಿಗ್ನಲ್ಲನ್ನು ಒಪ್ಪುತ್ತದೆ. ಅಂದರೆ 40 ಡಿಬಿ ಅಗಲದ ಅಂಗಳ. ಅದರಲ್ಲಿ 12 ಖರ್ಚಾದರೆ ಏನು ಮಹಾ?

ನಾನು ಈ ಲೆಕ್ಕ ಹಾಕಿದಾಗ ಮೊದಲು ನಂಬಲಿಲ್ಲ. ಆದರೆ ಲೆಕ್ಕ ಸರಿ ಇದೆ. ಫ್ರೀ ಡಿಶ್ ಸಿಗ್ನಲ್ಲನ್ನು ಎರಡು ಮಾಡಿದರೆ ಚಿತ್ರಕ್ಕೆ ಏನೂ ಆಗಬಾರದು. ಆಯಿತು ಅಂದರೆ ಡಿಶ್ ಸರಿಯಾಗಿ ತಿರುಗಿಲ್ಲ, ಇಲ್ಲವೇ ಸ್ಪ್ಲಿಟರ್ ತಪ್ಪಿದೆ, ಇಲ್ಲವೇ ಎಲ್ಲೋ ಒಂದು ಕನೆಕ್ಟರ್ ಹಾಳಾಗಿದೆ. ಮೊದಲೇ ಇದ್ದ ಹುಳುಕು ಹಂಚಿದಾಗ ಹೊರಗೆ ಬರುತ್ತದೆ, ಅಷ್ಟೆ.

ಬೂಸ್ಟರ್ ಮಾತಿಗೆ ಮರುಳಾಗಬೇಡಿ

ಅಂಗಡಿಯಲ್ಲಿ "ಸಿಗ್ನಲ್ ಕಮ್ಮಿ ಅದಾ? ಬೂಸ್ಟರ್ ಹಾಕ್ರಿ" ಅನ್ನುತ್ತಾರೆ. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಒಬ್ಬ ದೂರ ನಿಂತು ಮಾತಾಡುತ್ತಿದ್ದಾನೆ ಅಂದುಕೊಳ್ಳಿ. ಮೈಕನ್ನು ಅವನ ಬಾಯಿ ಹತ್ತಿರ ಹಿಡಿದರೆ ಮಾತು ಕೇಳುತ್ತದೆ. ನಮ್ಮ ಕಿವಿ ಹತ್ತಿರ ಹಿಡಿದರೆ ಗದ್ದಲವೂ ಅಷ್ಟೇ ಜೋರಾಗುತ್ತದೆ. ಬೂಸ್ಟರ್ ಕಥೆ ಇದೇ. ಸಿಗ್ನಲ್ ಇನ್ನೂ ಶುದ್ಧವಾಗಿರುವ ಜಾಗದಲ್ಲಿ, ಅಂದರೆ ಆಂಟೆನಾ ಪಕ್ಕದಲ್ಲಿ, ಕೇಬಲ್ ಮತ್ತು ಸ್ಪ್ಲಿಟರ್‌ಗಿಂತ ಮೊದಲು ಇದ್ದರೆ ಮಾತ್ರ ಉಪಯೋಗ. ಟಿವಿ ಹಿಂದೆ ಇಟ್ಟರೆ ಗದ್ದಲಕ್ಕೂ ಬಲ ಕೊಟ್ಟ ಹಾಗೆ.

ಕಡ್ಡಿ ಆಂಟೆನಾಕ್ಕೆ ಬೂಸ್ಟರ್ ಬೇಕಾಗುತ್ತಿತ್ತು, ಏಕೆಂದರೆ ಅದರಲ್ಲಿ ಹಿಗ್ಗಿಸುವ ಯಂತ್ರವೇ ಇರಲಿಲ್ಲ. ಡಿಶ್‌ನಲ್ಲಿ ಎಲ್‌ಎನ್‌ಬಿಯೇ ಬೂಸ್ಟರ್, ಅದೂ ಇರಬೇಕಾದ ಜಾಗದಲ್ಲೇ ಇದೆ. 40-50 ಮೀಟರ್ ಉದ್ದದ ಕೇಬಲ್ ಎಳೆಯುವವರು, ಅಥವಾ ಆರೆಂಟು ಟಿವಿ ನಡೆಸುವ ಲಾಡ್ಜಿನವರು ಬೇಕಾದರೆ ಲೈನ್ ಆಂಪ್ಲಿಫೈಯರ್ (ಕೇಬಲ್ ದಾರಿಯಲ್ಲಿ ಹಾಕುವ ಬೂಸ್ಟರ್) ಯೋಚಿಸಲಿ. ಮನೆಗೆ ಬೇಡ.

ಕೆಲಸಕ್ಕೆ ಮೊದಲು: ಇರುವುದನ್ನು ಅಳೆಯಿರಿ

ಸ್ಪ್ಲಿಟರ್ ಕೊಳ್ಳುವ ಮೊದಲು ಬಾಕ್ಸ್‌ನ ಮೆನುಗೆ ಹೋಗಿ ಸಿಗ್ನಲ್ ಪುಟ ತೆಗೆಯಿರಿ. ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಜನ ಸ್ಟ್ರೆಂತ್ ನೋಡಿ ಖುಷಿಪಡುತ್ತಾರೆ. ಅದು ಕೇಬಲ್‌ನಲ್ಲಿ ಎಷ್ಟು ಸದ್ದು ಬರುತ್ತಿದೆ ಅನ್ನುವುದಷ್ಟೇ, ಅದರಲ್ಲಿ ಗದ್ದಲವೂ ಸೇರಿರುತ್ತದೆ. ಡಿಶ್ ತಪ್ಪು ಕಡೆ ತಿರುಗಿದ್ದರೂ ಸ್ಟ್ರೆಂತ್ 70-80 ತೋರಿಸುವ ಬಾಕ್ಸ್‌ಗಳಿವೆ. ಚಿತ್ರದ ಹಣೆಬರಹ ಬರೆಯುವುದು ಕ್ವಾಲಿಟಿ.

ಎರಡನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಾಲ್ಕೈದು ಬೇರೆ ಬೇರೆ ಚಾನೆಲ್‌ಗೆ ಬರೆಯಿರಿ. ಚಂದನ, ಒಂದು ಹಿಂದಿ ಸಿನಿಮಾ ಚಾನೆಲ್, ಒಂದು ಸುದ್ದಿ ಚಾನೆಲ್, ಹೀಗೆ. ಅವು ಬೇರೆ ಬೇರೆ ತರಂಗದಲ್ಲಿ ಬರಬಹುದು, ಒಂದು ಚೆನ್ನಾಗಿದ್ದು ಇನ್ನೊಂದು ಅಂಚಿನಲ್ಲಿರಬಹುದು. ಈ ಚೀಟಿ ಆಮೇಲೆ ಚಿನ್ನದಂತೆ ಕೆಲಸಕ್ಕೆ ಬರುತ್ತದೆ. ನಾನು ಮೊದಲ ಸಲ ಇದನ್ನು ಬರೆಯದೇ ಇದ್ದದ್ದಕ್ಕೇ ಎರಡು ದಿನ ತಲೆ ಕೆರೆದುಕೊಂಡೆ.

ಇನ್ನು ಅಂಚಿನಿಂದ ಎಷ್ಟು ದೂರ ಇದ್ದೀರಿ ಅಂತ ತಿಳಿಯಲು ನನ್ನದೊಂದು ನಾಟಿ ಪರೀಕ್ಷೆ ಇದೆ. ಬಿಸಿಲು ಇರುವ ದಿನ ಒಂದು ಟವೆಲ್ ಒದ್ದೆ ಮಾಡಿ, ಹಿಂಡಿ, ಡಿಶ್‌ನ ಕಾಲು ಭಾಗಕ್ಕೆ ಹೊದಿಸಿ. ಕೆಳಗಿರುವವರು ಟಿವಿ ನೋಡುತ್ತಿರಲಿ. ಚಿತ್ರ ಒಡೆಯದೆ ಉಳಿಯಿತಾ? ಹಾಗಾದರೆ ಮೂರನೇ ಒಂದು ಭಾಗಕ್ಕೆ ಹೊದಿಸಿ. ನೀರು ಈ ತರಂಗವನ್ನು ಹೀರುತ್ತದೆ, ಮಳೆಯಲ್ಲಿ ಚಾನೆಲ್ ಹೋಗುವುದೂ ಇದೇ ಕಾರಣಕ್ಕೆ. ಕಾಲು ಭಾಗ ಮುಚ್ಚಿದ ಕೂಡಲೇ ಚಿತ್ರ ಒಡೆದರೆ ನಿಮ್ಮ ಡಿಶ್ ಅಂಚಿನಲ್ಲಿದೆ. ಹಂಚುವ ಯೋಚನೆ ಬಿಟ್ಟು ಮೊದಲು ಡಿಶ್ ಸರಿ ಮಾಡಿ.

ಡಿಶ್ ಅಗ್ನಿ ಮೂಲೆಗೆ ನೋಡಲಿ

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಸಮಭಾಜಕದ ಮೇಲೆ 93.5 ಡಿಗ್ರಿ ಪೂರ್ವದಲ್ಲಿ ನಿಂತಿದೆ. ಲೆಕ್ಕ ಹಾಕಿದರೆ ಕಲಬುರಗಿಯಿಂದ ಅದು ಉತ್ತರದಿಂದ 135 ಡಿಗ್ರಿಗೆ ಬರುತ್ತದೆ. ಅಂದರೆ ಸರಿಯಾಗಿ ಆಗ್ನೇಯ! ವಾಸ್ತು ನೋಡುವವರು ಅಡುಗೆ ಮನೆ ಇಡುವ ಮೂಲೆ. ಬೀದರ್‌ನಲ್ಲಿ ಒಂದೆರಡು ಡಿಗ್ರಿ ದಕ್ಷಿಣಕ್ಕೆ, 137. ಯಾದಗಿರಿಯಲ್ಲಿ ಕಲಬುರಗಿಯಷ್ಟೇ. ಎತ್ತರ ಮೂರೂ ಕಡೆ 62 ಡಿಗ್ರಿ ಆಸುಪಾಸು, ತಲೆ ಸಾಕಷ್ಟು ಎತ್ತಿ ನೋಡಬೇಕು.

ಫೋನಿನ ದಿಕ್ಸೂಚಿ ಸಾಕು. ಆದರೆ ಕಬ್ಬಿಣದ ಕಂಬದ ಪಕ್ಕ ನಿಂತು ನೋಡಬೇಡಿ, ಸೂಜಿ ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ದೂರದ ಒಂದು ನೀರಿನ ಟ್ಯಾಂಕೋ ಗಿಡವೋ ಗುರುತು ಹಿಡಿದು, ಆ ಕಡೆಗೆ ಡಿಶ್ ತಿರುಗಿಸಿ. ಮನೆ ಡಿಶ್‌ಗಳು ಓರೆ ಹಿಡಿಯುವ ಮಾದರಿಯವು. ಅದಕ್ಕೇ ಅವು 62 ಡಿಗ್ರಿಗೆ ನೋಡುತ್ತಿದ್ದರೂ ನಮ್ಮ ಕಣ್ಣಿಗೆ ಅಷ್ಟು ಮೇಲಕ್ಕೆ ನೋಡುತ್ತಿರುವ ಹಾಗೆ ಕಾಣುವುದಿಲ್ಲ.

ಆಗ್ನೇಯಕ್ಕೆ ಬೇವಿನ ಗಿಡ ಇದೆಯಾ ನೋಡಿ. ಡಿಶ್‌ನಿಂದ 3 ಮೀಟರ್ ದೂರದ ಗಿಡ ಡಿಶ್‌ಗಿಂತ ಐದೂವರೆ ಮೀಟರ್ ಎತ್ತರ ಬೆಳೆದರೆ ಅಡ್ಡ ಬರುತ್ತದೆ. ಡಿಶ್ ಕೂರಿಸಿದ ವರ್ಷ ಅದು ಗಿಡ್ಡ ಇತ್ತು, ಈಗ ಇಲ್ಲ. ಮನೆಯಲ್ಲಿ "ಮೊದಲು ಚೆನ್ನಾಗಿ ಬರ್ತಿತ್ತು" ಅನ್ನುವ ದೂರಿಗೆ ಎಷ್ಟೋ ಸಲ ಗಿಡವೇ ಕಾರಣ.

ಕ್ವಾಲಿಟಿ ಪಟ್ಟಿ ನೋಡುತ್ತಾ ಡಿಶ್ಶನ್ನು ಕೂದಲೆಳೆಯಷ್ಟು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಮಾಡಿ. ಬಾಕ್ಸ್ ತಡವಾಗಿ ತೋರಿಸುತ್ತದೆ, ಪ್ರತಿ ಸಲ ಮೂರ್ನಾಲ್ಕು ಸೆಕೆಂಡ್ ಕಾಯಿರಿ. ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನವಾಗಿ ತಿರುವಿ ನೋಡಿ. ಬಹಳ ಜನ ಈ ಹೆಜ್ಜೆ ಬಿಡುತ್ತಾರೆ. ನಮ್ಮ ಮನೆಯಲ್ಲಿ ಬರೀ ಎಲ್‌ಎನ್‌ಬಿ ತಿರುವಿದ್ದಕ್ಕೇ ಕ್ವಾಲಿಟಿ 58ರಿಂದ 71ಕ್ಕೆ ಏರಿತು. ಬೋಲ್ಟ್ ಬಿಗಿ ಮಾಡುವಾಗ ಡಿಶ್ ಜರುಗುತ್ತದೆ, ಬಿಗಿ ಮಾಡಿದ ಮೇಲೂ ಒಮ್ಮೆ ನೋಡಿ.

ಇಷ್ಟಾದರೂ ಮಳೆಗೆ ಹೋಗುತ್ತದೆ ಅನ್ನುವವರಿಗೆ ಉಪಾಯ ದೊಡ್ಡ ಡಿಶ್ ಒಂದೇ. 60 ಸೆಂಟಿಮೀಟರ್ ಬದಲು 90ರದು ಹಾಕಿದರೆ ಹಿಡಿಯುವ ಜಾಗ ಎರಡೂಕಾಲು ಪಟ್ಟು, ಮೂರೂವರೆ ಡಿಬಿ ಲಾಭ. ಸೆಪ್ಟೆಂಬರ್‌ನಲ್ಲಿ ಜೋರು ಮಳೆ ಬಂದರೆ ಅದೂ ಹತ್ತು ನಿಮಿಷ ಹೋಗಬಹುದು. ಮಳೆ ಸಿಗ್ನಲ್ ತಿನ್ನುವುದು ಎಲ್‌ಎನ್‌ಬಿ ತಲುಪುವ ಮೊದಲು. ಆ ನಷ್ಟವನ್ನು ಕೆಳಗೆ ಏನು ಕಟ್ಟಿದರೂ ತುಂಬಲಾಗುವುದಿಲ್ಲ.

ಯಾವ ಸ್ಪ್ಲಿಟರ್ ಕೊಳ್ಳಬೇಕು

ನಾನು ಮಾಡಿದ ಎರಡೂ ತಪ್ಪು ಇಲ್ಲೇ ಇವೆ.

ಸ್ಪ್ಲಿಟರ್ ತಿರುವಿ ಅದರ ಮೈಮೇಲಿನ ಅಂಕಿ ಓದಿ. ನನ್ನ ಮೊದಲಿನದರ ಮೇಲೆ "5-1000" ಅಂತ ಇತ್ತು. ಅದು ಕೇಬಲ್ ಟಿವಿಯವರದು, 1000 ಮೆಗಾಹರ್ಟ್ಸ್‌ವರೆಗೆ ಮಾತ್ರ ಅದರ ಹೊಣೆ. ಡಿಶ್‌ನಿಂದ ಕೆಳಗೆ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್ ಪಟ್ಟಿಯಲ್ಲಿರುತ್ತದೆ. ಫ್ರೀ ಡಿಶ್ ಚಾನೆಲ್‌ಗಳು ಅದರಲ್ಲೂ 1000ಕ್ಕಿಂತ ಬಹಳ ಮೇಲೆ ಕೂತಿವೆ. ಕೇಬಲ್ ಟಿವಿ ಸ್ಪ್ಲಿಟರ್‌ನಲ್ಲಿ ಮೇಲೆ ಹೋದಷ್ಟೂ ನಷ್ಟ ಜಾಸ್ತಿ. ಅದಕ್ಕೇ ಕೆಲವು ಚಾನೆಲ್ ಬಂದವು, ಕೆಲವು ಒಡೆದವು. ನಿಮಗೆ ಬೇಕಾದದ್ದರ ಮೇಲೆ "5-2400" ಅಥವಾ "950-2150" ಅಂತ ಇರಬೇಕು.

ಎರಡನೆಯದು ಕರೆಂಟ್. ಎಲ್‌ಎನ್‌ಬಿಗೆ ಬೇರೆ ಅಡಾಪ್ಟರ್ ಇಲ್ಲ ಅಲ್ವಾ? ಅದಕ್ಕೆ ಬೇಕಾದ 13 ಅಥವಾ 18 ವೋಲ್ಟನ್ನು ಬಾಕ್ಸೇ ಅದೇ ಕೇಬಲ್‌ನಲ್ಲಿ ಮೇಲಕ್ಕೆ ಕಳಿಸುತ್ತದೆ. ಸಿಗ್ನಲ್ ಕೆಳಗೆ, ಕರೆಂಟ್ ಮೇಲೆ, ಒಂದೇ ದಾರಿ. ಕೆಲವು ಸ್ಪ್ಲಿಟರ್ ಒಂದೇ ಕವಲಿನಿಂದ ಕರೆಂಟ್ ಬಿಡುತ್ತವೆ. ನನ್ನದರಲ್ಲಿ ಆ ಕವಲು ಅವ್ವನ ಬಾಕ್ಸ್‌ಗೆ ಹೋಗಿತ್ತು. ಅವ್ವ ಸ್ವಿಚ್ ಬಂದ್ ಮಾಡಿದಳು, ಎಲ್‌ಎನ್‌ಬಿ ಸತ್ತಿತು, ತಮ್ಮ ಕೂಗಿದ. ಅದಕ್ಕೆ "ಎಲ್ಲ ಪೋರ್ಟಿನಲ್ಲೂ ಪವರ್ ಪಾಸ್" ಇರುವುದನ್ನೇ ಕೇಳಿ ತನ್ನಿ. ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುತ್ತವೆ. ಯಾವ ಬಾಕ್ಸ್ ಚಾಲೂ ಇದ್ದರೂ ಎಲ್‌ಎನ್‌ಬಿಗೆ ಕರೆಂಟ್ ಸಿಗುತ್ತದೆ, ಒಂದು ಬಾಕ್ಸ್‌ನ ಕರೆಂಟ್ ಇನ್ನೊಂದರೊಳಗೆ ನುಗ್ಗುವುದಿಲ್ಲ.

ಇಲ್ಲೊಂದು ಒಳಗುಟ್ಟು ಇದೆ. 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬ ತರಂಗ (ಮೇಲೆ-ಕೆಳಗೆ ಅಲುಗುವುದು) ಹಿಡಿಯುತ್ತದೆ, 18 ಕಳಿಸಿದರೆ ಅಡ್ಡ ತರಂಗ (ಎಡ-ಬಲ ಅಲುಗುವುದು). ಎರಡು ಬಾಕ್ಸ್ ಬೇರೆ ಬೇರೆ ಕೇಳಿದರೆ ಹೆಚ್ಚಿನ ವೋಲ್ಟಿನದೇ ಗೆಲ್ಲುತ್ತದೆ, ಇನ್ನೊಂದಕ್ಕೆ ಚಾನೆಲ್ ಇಲ್ಲ. ಫ್ರೀ ಡಿಶ್‌ನ ಚಾನೆಲ್‌ಗಳೆಲ್ಲ ಲಂಬದಲ್ಲೇ ಬರುವುದರಿಂದ ಇಲ್ಲಿ ಈ ಜಗಳ ಇಲ್ಲ. ಎರಡು ಫ್ರೀ ಡಿಶ್ ಬಾಕ್ಸ್‌ಗಳಿಗೆ ಸ್ಪ್ಲಿಟರ್ ನಡೆಯುವುದು ಈ ಅದೃಷ್ಟದಿಂದ. ಎರಡೂ ಬಗೆಯ ತರಂಗ ಬಳಸುವ ಉಪಗ್ರಹವಾದರೆ ನಡೆಯುವುದಿಲ್ಲ.

ಮೂರು ಟಿವಿ ಬರಬಹುದು ಅಂತ ನಾಲ್ಕು ಕವಲಿನದು ತಂದಿಡಬೇಡಿ. ಖಾಲಿ ಕವಲು ಕೂಡ ತನ್ನ ಪಾಲು ತಿನ್ನುತ್ತದೆ. ಖಾಲಿ ಬಾಯಿಯನ್ನು 75 ಓಮ್ ಮುಚ್ಚಳ ಹಾಕಿ ಮುಚ್ಚಬೇಕು. ಅದೂ ಡಿಸಿ ತಡೆಯುವಂಥದ್ದೇ ಆಗಬೇಕು, ಇಲ್ಲವಾದರೆ ಕರೆಂಟ್ ಅದರಲ್ಲಿ ಹರಿದು ಬಿಸಿಯಾಗುವ ಅಪಾಯ ಇದೆ. ಎಷ್ಟು ಟಿವಿಯೋ ಅಷ್ಟೇ ಕವಲು ತಂದರೆ ಈ ತಾಪತ್ರಯವೇ ಇಲ್ಲ.

ಕೇಬಲ್ ತುದಿ ಕಟ್ಟುವುದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹತ್ತರಲ್ಲಿ ಏಳೆಂಟು ತೊಂದರೆ ಇಲ್ಲೇ ಹುಟ್ಟುತ್ತವೆ ಅನ್ನುವುದು ನನ್ನ ಅನುಭವ.

ಮೊದಲು ಎರಡೂ ಬಾಕ್ಸ್‌ಗಳ ಪ್ಲಗ್ ಕೀಳಿ. ರಿಮೋಟಿನಲ್ಲಿ ಬಂದ್ ಮಾಡಿದರೆ ಸಾಲದು, ಕೇಬಲ್‌ನಲ್ಲಿ ಕರೆಂಟ್ ಇರಬಹುದು. ಅದು ನಿಮಗೆ ಹೊಡೆಯುವಷ್ಟು ದೊಡ್ಡದಲ್ಲ, ಆದರೆ ತಂತಿ ತಾಗಿ ಶಾರ್ಟ್ ಆದರೆ ಬಾಕ್ಸ್ ಕೆಡಬಹುದು.

ಆರ್‌ಜಿ-6 ಕೇಬಲ್‌ನ ಹೊರಗಿನ ಕರಿ ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನಷ್ಟು, ಸುಮಾರು 15 ಮಿಲಿಮೀಟರ್, ಬಿಡಿಸಿ. ಬ್ಲೇಡನ್ನು ಒತ್ತಬೇಡಿ, ಬರೀ ಸುತ್ತ ಗೀರಿ. ಒತ್ತಿದರೆ ಒಳಗಿನ ಹೆಣೆದ ಎಳೆಗಳು ತುಂಡಾಗುತ್ತವೆ. ಬಿಡಿಸಿದ ಮೇಲೆ ಬೆಳ್ಳಿ ಬಣ್ಣದ ಎಳೆಗಳ ಜಾಲರಿ ಕಾಣುತ್ತದೆ. ಅದನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಕರಿ ಸಿಪ್ಪೆಯ ಮೇಲೆ ಸವರಿ. ಈಗ ಬಿಳಿ ನೊರೆಯಂಥ ಪದರ. ಅದನ್ನು ತುದಿಯಿಂದ 7-8 ಮಿಲಿಮೀಟರ್ ಕತ್ತರಿಸಿ ಎಳೆದರೆ ನಡುವಿನ ತಾಮ್ರದ ತಂತಿ ಹೊರಗೆ ಬರುತ್ತದೆ. ಆ ತಂತಿಯ ಮೇಲೆ ಬಿಳಿ ಚೂರು ಉಳಿದಿದ್ದರೆ ಉಗುರಿನಿಂದ ಕೆರೆಯಿರಿ. ಬ್ಲೇಡಿನಿಂದ ಕೆರೆದರೆ ತಾಮ್ರವೇ ಏಳುತ್ತದೆ.

ಎಫ್ ಕನೆಕ್ಟರನ್ನು, ಅಂದರೆ ಕೇಬಲ್ ತುದಿಗೆ ಹಾಕುವ ನಟ್ಟಿನ ಲೋಹದ ಬಾಯಿಯನ್ನು, ತಳ್ಳಿ. ಒಳಗೆ ಇಣುಕಿ ನೋಡಿದರೆ ಬಿಳಿ ಪದರ ಕನೆಕ್ಟರಿನ ನೆಲಕ್ಕೆ ಸಮ ಇರಬೇಕು, ತಂತಿ ನಟ್ಟಿನ ಅಂಚಿನಿಂದ 2-3 ಮಿಲಿಮೀಟರ್ ಹೊರಗೆ ಚಾಚಬೇಕು. ಕಡಿಮೆಯಾದರೆ ತಾಗುವುದಿಲ್ಲ, ಜಾಸ್ತಿಯಾದರೆ ಸ್ಪ್ಲಿಟರಿನ ಒಳಗಿನ ಹಿಡಿ ಮುರಿಯುತ್ತದೆ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಕೂದಲಿಗಿಂತ ಸಣ್ಣ ಎಳೆ, ಸಂಜೆ ಬೆಳಕಿನಲ್ಲಿ ಕಾಣುವುದೇ ಇಲ್ಲ. ಬೆಳಗ್ಗೆ ಮಾಡಿ, ಚಾಳೀಸಿದ್ದವರು ಹಾಕಿಕೊಳ್ಳಿ.

ತಿರುವಿ ಹಾಕುವ ಕನೆಕ್ಟರ್ ಮನೆಯೊಳಗೆ ನಡೆಯುತ್ತದೆ. ಮಾಳಿಗೆ ಮೇಲೆ ಒತ್ತಿ ಕೂರಿಸುವ ಬಗೆಯದೇ ಒಳ್ಳೆಯದು. ಆ ಯಂತ್ರ ನಿಮ್ಮಲ್ಲಿ ಇರಲಿಕ್ಕಿಲ್ಲ, ಕೇಬಲ್ ಕೆಲಸ ಮಾಡುವ ಅಣ್ಣನಿಗೆ ಹೇಳಿದರೆ ಎರಡು ನಿಮಿಷದಲ್ಲಿ ಹಾಕಿಕೊಡುತ್ತಾರೆ. ನಟ್ಟಿಗೆ 11 ಎಂಎಂ ಪಾನಾ. ಕೈಯಿಂದ ಪೂರ್ತಿ ತಿರುವಿ, ಪಾನಾದಿಂದ ಕಾಲು ಸುತ್ತು, ಅಷ್ಟೇ ಸಾಕು.

ಸ್ಪ್ಲಿಟರ್ ಎಲ್ಲಿ ಕೂರಿಸಬೇಕು

ಸಾಧ್ಯವಾದರೆ ಮನೆಯೊಳಗೆ. ನಮ್ಮ ಕಡೆ ಮೇ ತಿಂಗಳ ಬಿಸಿಲು ಗೊತ್ತಲ್ಲ, ಮಾಳಿಗೆಯ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಆ ಶಾಖಕ್ಕೆ ಅಗ್ಗದ ಕೇಬಲ್‌ನ ಸಿಪ್ಪೆ ಸೀಳುತ್ತದೆ, ಮೊದಲ ಮಳೆಗೆ ನೀರು ಒಳಗೆ ಇಳಿಯುತ್ತದೆ. ಜಾಲರಿ ಒಮ್ಮೆ ಕರ್ರಗಾದರೆ ಆ ಕೇಬಲ್ ಮುಗಿಯಿತು. ಸೇಡಂ, ಮಳಖೇಡ ಕಡೆ ಸಿಮೆಂಟ್ ಧೂಳು ಬೇರೆ. ಕನೆಕ್ಟರಿನ ಸಂದಿಗೆ ಸೇರಿ ತೇವ ಹಿಡಿದರೆ ಗಟ್ಟಿಯಾಗಿಬಿಡುತ್ತದೆ.

ಹೊರಗೇ ಇಡಬೇಕಾದರೆ ಗೋಡೆಯ ನೆರಳಿನ ಕಡೆ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಕವಲುಗಳ ಬಾಯಿ ಕೆಳಗೆ ಬರುವಂತೆ ಇಡಿ. ಕೇಬಲ್ ಮೇಲಿನಿಂದ ನೇರ ಡಬ್ಬಿಗೆ ಬರಬಾರದು. ಸ್ವಲ್ಪ ಕೆಳಗೆ ಇಳಿದು, ಜೋಲಿಯಂತೆ ತಿರುಗಿ, ಮೇಲೆ ಹತ್ತಿ ಸೇರಬೇಕು. ಆಗ ಮಳೆ ನೀರು ಜೋಲಿಯ ತಳದಲ್ಲೇ ತೊಟ್ಟಿಕ್ಕುತ್ತದೆ. ಎಲ್‌ಎನ್‌ಬಿ ಹತ್ತಿರವೂ ಇದೇ ಜೋಲಿ ಇರಲಿ.

ಕಲ್ಲಿನ ದಪ್ಪ ಗೋಡೆಯಲ್ಲಿ ತೂತು ಕೊರೆಯುವ ಬದಲು ಕಿಟಕಿ ಚೌಕಟ್ಟಿನ ಮೂಲೆಯಿಂದ ಎಳೆಯಿರಿ. ಕೇಬಲ್ಲನ್ನು ಚೂಪಾಗಿ ಮಡಚಬೇಡಿ. ಕಿಟಕಿ ಬಾಗಿಲಿಗೆ ಸಿಕ್ಕಿ ಚಪ್ಪಟೆಯಾದ ಕೇಬಲ್ ಹೊರಗೆ ಚೆಂದ ಕಂಡರೂ ಒಳಗೆ ಕೆಟ್ಟಿರುತ್ತದೆ. ಮಾಳಿಗೆ ಪಕ್ಕ ವಿದ್ಯುತ್ ತಂತಿ ಹಾದಿದ್ದರೆ ಕೇಬಲ್ ಎಸೆದು ಎಳೆಯುವ ಕೆಲಸ ಬೇಡವೇ ಬೇಡ. ಗುಡುಗು ಇರುವಾಗಲೂ ಬೇಡ.

ಜೋಡಿಸಿ ಆದ ಮೇಲೆ

ಡಿಶ್‌ನ ಕೇಬಲ್ "ಇನ್" ಬಾಯಿಗೆ, ಎರಡು ಕೋಣೆಯ ಕೇಬಲ್ "ಔಟ್"ಗಳಿಗೆ. ಒಂದು ಬಾಕ್ಸ್ ಮಾತ್ರ ಚಾಲೂ ಮಾಡಿ ಚೀಟಿ ತೆಗೆಯಿರಿ. ಸ್ಟ್ರೆಂತ್ ಸ್ವಲ್ಪ ಇಳಿದಿರುತ್ತದೆ, ಅದು ಸಹಜ. ಕ್ವಾಲಿಟಿ ಹಳೆಯ ಅಂಕಿಯ ಆಸುಪಾಸಿನಲ್ಲೇ ಇರಬೇಕು. ನೂರರಲ್ಲಿ ಎರಡು ಮೂರು ಇಳಿದರೆ ಬಿಡಿ. ಹತ್ತು ಹದಿನೈದು ಇಳಿದರೆ ಎಲ್ಲೋ ತಪ್ಪಿದೆ. ಆಮೇಲೆ ಇನ್ನೊಂದನ್ನು ಮಾತ್ರ ಚಾಲೂ ಮಾಡಿ ನೋಡಿ, ಕೊನೆಗೆ ಎರಡನ್ನೂ. ಅವ್ವನ ಪರೀಕ್ಷೆ ಮರೆಯಬೇಡಿ: ಒಂದರ ಪ್ಲಗ್ ಕಿತ್ತು ಇನ್ನೊಂದು ನಡೆಯುತ್ತದಾ ನೋಡಿ.

ಎರಡೂ ಕೋಣೆಯಲ್ಲಿ ತೊಂದರೆ ಇದ್ದರೆ ಸ್ಪ್ಲಿಟರಿಗಿಂತ ಮೇಲಿನ ಭಾಗ ಹುಡುಕಿ. ಒಂದೇ ಕೋಣೆಯಲ್ಲಿದ್ದರೆ ಔಟ್ ಕೇಬಲ್‌ಗಳನ್ನು ಅದಲು ಬದಲು ಮಾಡಿ. ತೊಂದರೆ ಇನ್ನೊಂದು ಕೋಣೆಗೆ ಹೋಯಿತಾ? ಹಾಗಾದರೆ ಸ್ಪ್ಲಿಟರಿನ ಆ ಕವಲು ಕೆಟ್ಟಿದೆ. ಅಲ್ಲೇ ಉಳಿಯಿತಾ? ಆ ಕೋಣೆಯ ಕೇಬಲ್ ಅಥವಾ ಬಾಕ್ಸ್. ಎಲ್ಲ ಚಾನೆಲ್ ಒಟ್ಟಿಗೆ ಹೋದರೆ ಶಾರ್ಟ್ ಅಥವಾ ಕರೆಂಟ್ ಇಲ್ಲ. ಕೆಲವು ಮಾತ್ರ ಹೋದರೆ ಸ್ಪ್ಲಿಟರಿನ ಅಂಕಿ ಮತ್ತೆ ಓದಿ.

ಒಂದು ವಿಚಿತ್ರ ದೂರು ಇದೆ. ಮಧ್ಯಾಹ್ನ ಒಂದೆರಡು ಚಾನೆಲ್ ಹೋಗಿ, ಸಂಜೆ ತಂಪಾದ ಮೇಲೆ ತಾವಾಗಿ ಬರುತ್ತವೆ. ಸ್ಪ್ಲಿಟರನ್ನು ಬಯ್ಯುವ ಮೊದಲು ಎಲ್‌ಎನ್‌ಬಿ ನೋಡಿ. ಹಳೆಯ ಅಗ್ಗದ ಎಲ್‌ಎನ್‌ಬಿ ಶಾಖಕ್ಕೆ ತನ್ನ ಶ್ರುತಿ ತಪ್ಪುತ್ತದೆ. ಬದಲಿಸಿದರೆ ಮುಗಿಯಿತು.

ಸ್ಪ್ಲಿಟರ್ ಇಲ್ಲದ ದಾರಿಗಳು

ಎರಡು ಅಥವಾ ನಾಲ್ಕು ಬಾಯಿಯ ಎಲ್‌ಎನ್‌ಬಿ ಸಿಗುತ್ತದೆ. ಪ್ರತಿ ಬಾಯಿಯೂ ಸ್ವತಂತ್ರ. ಹಂಚುವ ನಷ್ಟವಿಲ್ಲ, 13-18ರ ಜಗಳವಿಲ್ಲ. ಕೋಣೆಗೊಂದು ಕೇಬಲ್ ಮಾಳಿಗೆಯಿಂದ ಎಳೆಯಬೇಕು, ಅದೊಂದೇ ತಾಪತ್ರಯ. ಹೊಸ ಮನೆ ಕಟ್ಟುತ್ತಿರುವವರು ಕಣ್ಣು ಮುಚ್ಚಿ ಇದನ್ನೇ ಮಾಡಿ, ಪೈಪು ಈಗಲೇ ಹಾಕಿಸಿ. ತಿಂಗಳ ಚಂದಾ ಕಟ್ಟುವ ಡಿಟಿಎಚ್ ಇದ್ದವರಿಗೂ ಇದೇ ದಾರಿ, ಎರಡನೇ ಬಾಕ್ಸ್‌ಗೆ ಅವರ ಕಂಪನಿಯನ್ನೇ ಕೇಳಬೇಕು.

ಎರಡೂ ಕಡೆ ಒಂದೇ ಚಾನೆಲ್ ನಡೆದರೆ ಸಾಕು ಅನ್ನುವವರು ಒಂದೇ ಬಾಕ್ಸ್‌ನ ಎಚ್‌ಡಿಎಂಐಗೆ ಸ್ಪ್ಲಿಟರ್ ಹಾಕಬಹುದು. ಮೂರು ಬಣ್ಣದ ಎವಿ ವೈರನ್ನು ಉದ್ದ ಎಳೆದರೆ ಮಾತ್ರ ಚಿತ್ರ ನಿಜವಾಗಿಯೂ ಮಸುಕಾಗುತ್ತದೆ, ಏಕೆಂದರೆ ಅದು ಇನ್ನೂ ಅನಲಾಗ್. ಆದರೆ ಕೆಳಗೆ ಧಾರಾವಾಹಿ, ಮೇಲೆ ಕ್ರಿಕೆಟ್ ಇರುವ ಮನೆಯಲ್ಲಿ ಈ ದಾರಿ ಒಂದು ದಿನವೂ ನಡೆಯುವುದಿಲ್ಲ.

ಕೆಲಸ ಮುಗಿಸಿ ಇಳಿಯುವ ಮೊದಲು ಪ್ರತಿ ಕೇಬಲ್‌ಗೆ ಬಿಳಿ ಟೇಪ್ ಸುತ್ತಿ "ಅವ್ವ", "ತಮ್ಮ" ಅಂತ ಬರೆದುಬಿಡಿ, ಡಬ್ಬಿ ಹತ್ತಿರ ಒಂದು, ಟಿವಿ ಹತ್ತಿರ ಒಂದು. ಮುಂದಿನ ಮಳೆಗಾಲದಲ್ಲಿ ಕೊಡೆ ಹಿಡಿದು ಹತ್ತಿದಾಗ ಯಾವುದು ಯಾರದು ಅಂತ ನೆನಪಿರುವುದಿಲ್ಲ. ಚೀಟಿಯನ್ನು ನಾನು ಅದೇ ಡಬ್ಬಿಯೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದೇನೆ.